ಗಾಜಿನ ಹೊರಗೆ ಹಿಡಿದ ಲಿಂಗ

ನನ್ನ ಗಂಡ ಶಿವರಾಜಪ್ಪ ಭಾಲ್ಕಿ ಕಡೆಯ ಗಾಣಗಳಲ್ಲಿ ಬೆಲ್ಲ ಕಾಯಿಸುತ್ತಿದ್ದರು. ಹಂಗಾಮು ಮುಗಿದ ಮೇಲೆ ಸಂತಪುರದ ಮನೆಗೆ ಬರುತ್ತಿದ್ದರು. ಮಾತು ಕಡಿಮೆ. ಲಿಂಗಪೂಜೆ ಆಗದೆ ಬಾಯಿಗೆ ನೀರು ಸಹ ಹಾಕುತ್ತಿರಲಿಲ್ಲ.

ಹೋದ ವರ್ಷ ಕುದಿಯುವ ಪಾಕ ಎಡಗಾಲಿನ ಮೇಲೆ ಬಿತ್ತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಗಾಯ ಮಾಯಲಿಲ್ಲ. ಸುತ್ತಲಿನ ಚರ್ಮ ಕೆಂಪಾಗಿ ಬಾತು ಹೊಳೆಯುತ್ತಿತ್ತು. ಕೈ ಹತ್ತಿರ ಒಯ್ದರೆ ಝಳ ಬಡಿಯುತ್ತಿತ್ತು.

ಬೀದರದ ಖಾಸಗಿ ದವಾಖಾನೆಯಲ್ಲಿ ಡಾಕ್ಟರ್ ಅತಿಯಾ ನೋಡಿದರು. ಹೀಗೇ ಬಿಟ್ಟರೆ ಕಾಲಿನ ಬೆರಳು ತೆಗೆಯಬೇಕಾಗುತ್ತದೆ ಎಂದರು. ಔಷಧದ ಜೊತೆಗೆ, ಗಾಜಿನ ಕೊಳವೆಯಂಥ ಯಂತ್ರದಲ್ಲಿ ಮಲಗಿ ಬರೀ ಆಕ್ಸಿಜನ್ ಉಸಿರಾಡಬೇಕಂತೆ. ಉಸಿರಾಡುವುದು ಮೂಗಿನಿಂದ, ಗಾಯ ಕಾಲಿನಲ್ಲಿ, ಅದು ಹೇಗೆ ಎಂದು ಕೇಳಿದೆ. ರಕ್ತವೇ ಅದನ್ನು ಕಾಲಿಗೆ ಒಯ್ಯುತ್ತದೆ, ಬಾವು ಇಳಿಯಬಹುದು, ಎಲ್ಲರಿಗೂ ಇಳಿಯುತ್ತದೆ ಎಂದು ಹೇಳಲಾರೆ ಎಂದರು.

ಯಂತ್ರ ನಡೆಸುವ ಜುಲ್ಫೀಕಾರ ಇವರ ಕೊರಳು ನೋಡಿ ನಿಂತ. ಲೋಹ, ಎಣ್ಣೆ ಅಂಟಿದ್ದು ಯಾವುದೂ ಒಳಗೆ ನಡೆಯುವುದಿಲ್ಲ, ಕಿಡಿ ಹತ್ತಿದರೆ ಮುಗಿಯಿತು ಎಂದ. ಬೆಳ್ಳಿ ಕರಡಿಗೆ ಇಳಿಸಬೇಕು, ಅದರೊಳಗಿನ ಲಿಂಗವನ್ನೂ.

ನಮ್ಮಲ್ಲಿ ದೀಕ್ಷೆಯಾದ ಮೇಲೆ ಲಿಂಗ ಮೈ ಬಿಟ್ಟು ಇರಬಾರದು. ಇನ್ನೊಬ್ಬರ ಕೈಗೆ ಕೊಡಬಾರದು.

"ಬೆರಳ ಹೋದ್ರ ಹೋಗ್ಲಿ. ನಾ ಮನಿಗಿ ಹೋಗ್ತೇನಿ," ಎಂದು ಇವರು ಎದ್ದರು.

"ಬೆರಳ ನಿಮ್ಮವರಿ. ಹೊತ್ಕೊಂಡು ತಿರುಗಾಕಿ ನಾ. ಕೊಡ್ರಿ ಇಲ್ಲಿ. ನಿಮ್ಮ ಕಣ್ಣಿಗಿ ಕಾಣಂಗ ಹಿಡ್ಕೊಂಡು ಕೂಡ್ತೇನಿ," ಎಂದೆ.

ಮತ್ತೆ ಕುಳಿತರು. ಆಮೇಲೆ ಇಳಿಸಿ ಕೊಟ್ಟರು.

"ಆರಾಮ ಮಲಗ್ರಿ ಚಾಚಾ. ಒಳಗ ಚಾಚಿ ಬೈಯೋದು ಕೇಳಂಗಿಲ್ಲ," ಎಂದ ಜುಲ್ಫೀಕಾರ. ಇವರು ನಗಲಿಲ್ಲ.

ದಿನಾ ಬಸ್ಸಿನಲ್ಲಿ ಹೋಗಿಬಂದೆವು. ಇವರು ಒಳಗೆ ಮಲಗಿ ನನ್ನ ಅಂಗೈಯನ್ನೇ ನೋಡುತ್ತಿದ್ದರು. ನನ್ನ ಕಡೆ ಅಷ್ಟು ಹೊತ್ತು ನೋಡಿದ್ದು ಮದುವೆಯಲ್ಲೂ ಇಲ್ಲ. ಮೊದಲು ಅಂಚಿನ ಕೆಂಪು ಇಳಿಯಿತು. ಬಿಗಿದ ಚರ್ಮ ಸಡಿಲಾಗಿ ಸುಕ್ಕು ಕಂಡಿತು. ಗುಳಿಗೆ, ಪಟ್ಟಿಯೂ ನಡೆದಿದ್ದವು. ಯಾವುದರಿಂದ ಎಷ್ಟು ಎಂದು ನನಗೆ ತಿಳಿಯದು. ಬೇಸಿಗೆಗೆ ಗಾಯ ಮುಚ್ಚಿತು. ಔರಾದ ಸಂತೆಯಲ್ಲಿ ಕೋಲಿಲ್ಲದೆ ತಿರುಗಿದರು.

ಮಳೆಗಾಲದಲ್ಲಿ ಎದೆ ಹಿಡಿದುಕೊಂಡು ಹೊಲದ ಬದುವಿನ ಮೇಲೆ ಕುಳಿತರು. ಏಳಲಿಲ್ಲ.

ಮಣ್ಣಿಗೆ ಬಂದ ಇವರ ಅಕ್ಕ ಗುರಮ್ಮ ಎಲ್ಲರೆದುರು ಅಂದರು: "ಗಂಡ ಬದುಕಿದ್ದಾಗನೇ ಕೊರಳಾಗಿನ ಲಿಂಗ ಇಳಿಸಿದಾಕಿ ಈಕಿ. ಅಂವ ಹ್ಯಾಂಗ ಉಳಿತಾನ?"

"ಇಳಿಸೀನ್ರಿ ಅಕ್ಕಾ. ಕಾಲ ಉಳೀತು," ಎಂದೆ.

ಅಂದಿನಿಂದ ಅವರು ಬರುವುದಿಲ್ಲ. ಬೇರೆಯವರೂ ಬರುವುದಿಲ್ಲ. ಒಬ್ಬಳಿಗೆ ರೊಟ್ಟಿ ಬಡಿಯಲು ಬೇಸರ, ಅನ್ನ ಇಟ್ಟುಕೊಳ್ಳುತ್ತೇನೆ.

ಅವತ್ತು ಮಣ್ಣಿಗೆ ಒಯ್ಯುವ ಮೊದಲು ಇವರ ಮೈ ತೊಳೆಯುವಾಗ ಎಡಗಾಲು ನಾನೇ ತೊಳೆದೆ. ಹೊಸ ಚರ್ಮ ತೆಳ್ಳಗಿತ್ತು, ತಣ್ಣಗಿತ್ತು. ಕೆಂಪು ಎಲ್ಲಿಯೂ ಇರಲಿಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿ, ನೋವಾಯಿತೇನೋ ಎಂದು ಮುಖ ನೋಡಿದೆ.