ಸಾಹೇಬರ ಪಾಲಿನ ಬೈಗುಳ

ನಮ್ಮ ಸಾಹೇಬರು ಯಾರ ಮಾತು ಕೇಳುವಾಗಲೂ ಮೇಜಿನ ಮೇಲೆ ಅರ್ಧ ಮೈ ಚಾಚಿ, ಎಡಗಿವಿಗೆ ಅಂಗೈ ಒಡ್ಡಿ ಕೂರುತ್ತಿದ್ದರು. ಬಲಗಿವಿ ಮಂದ. ಬಾಲಾನಗರದ ನಮ್ಮ ಪಂಪಿನ ಕಾರ್ಖಾನೆಗೆ ಬಂದ ಹೊಸದರಲ್ಲಿ, ಕೆಲಸಗಾರರ ಕಷ್ಟಸುಖ ತಿಳಿಯಬೇಕೆಂದು ತಗಡು ಬಡಿಯುವ ಪ್ರೆಸ್ ಶಾಪಿನಲ್ಲೇ ಕುರ್ಚಿ ಹಾಕಿಸಿಕೊಂಡು ವರ್ಷಗಟ್ಟಲೆ ಕೂತಿದ್ದರಂತೆ. ಆ ಗದ್ದಲಕ್ಕೆ ಕಿವಿ ಹೋಯಿತು. "ಕೇಳೂದಕ್ಕ ನಮಗ ಪಗಾರ ಕೊಡ್ತಾರ ತಂಗಿ, ಹೇಳೂದಕ್ಕಲ್ಲ" ಎಂದು ನಾನು ಸಹಾಯಕಿಯಾಗಿ ಸೇರಿದ ದಿನವೇ ಹೇಳಿದ್ದರು. ನಾನೋ ಬಾಯಿಬಡುಕಿ. ಅವರ ಕೈಕೆಳಗೆ ಸುಮ್ಮನಿರುವುದನ್ನು ಕಲಿತೆ.

ಸಾಹೇಬರು ಕಲಬುರ್ಗಿ ಕಡೆಯವರು, ಸಿಬ್ಬಂದಿ ವಿಭಾಗದ ಮುಖ್ಯಸ್ಥರು. ಕನ್ನಡ, ತೆಲುಗು, ಹಿಂದಿ, ಯಾವುದರಲ್ಲಿ ಜಗಳ ಹತ್ತಿದರೂ ಬಿಡಿಸುತ್ತಿದ್ದರು. ಅವರು ಜೀವದಂತೆ ಕಾಪಾಡಿಕೊಂಡು ಬಂದ ಪದ್ಧತಿ ಒಂದಿತ್ತು. ನೌಕರಿಯಲ್ಲಿರುವಾಗಲೇ ಕೆಲಸಗಾರ ತೀರಿಕೊಂಡರೆ ಅವನ ಮಗನಿಗೋ ಹೆಂಡತಿಗೋ ಕೆಲಸ. ಹಾಗೆ ಸೇರಿದ ಹೆಣ್ಣುಮಕ್ಕಳು ಸಂಕ್ರಾಂತಿಗೆ ಅವರ ಮನೆಗೆ ಕುಸುರೆಳ್ಳು ಒಯ್ಯುತ್ತಿದ್ದರು.

ಮಾರುಕಟ್ಟೆ ತೆರೆದ ಮೇಲೆ ಹೊರದೇಶದ ಪಂಪುಗಳು ಬಂದವು. ಅವುಗಳ ಹಿಂದೆಯೇ ಹೊರದೇಶದ ಕಂಪನಿಯೂ ನಮ್ಮಲ್ಲಿ ಪಾಲುದಾರಿಕೆಗೆ ಬಂತು. ನಮ್ಮ ವಿಭಾಗದ ಹಳೆ ಬೋರ್ಡು ಕಿತ್ತು ಎಚ್.ಆರ್. ಎಂದು ಹೊಸದು ಹಾಕಿದರು. ಅಲ್ಲಿಂದ ಸಾಹೇಬರಿಗೆ ಒಂದೇ ಕೆಲಸ, ಜನರನ್ನು ಮನೆಗೆ ಕಳಿಸುವುದು. ಅದಕ್ಕೆ ಸ್ವಯಂ ನಿವೃತ್ತಿ ಎಂದು ಹೆಸರು. ಸ್ವಯಂ ಅಂತೆ ಸ್ವಯಂ, ಮಣ್ಣು! ಸತ್ತವರ ಮನೆಗೆ ನೌಕರಿ ಕೊಡುವ ಪದ್ಧತಿಯನ್ನೂ ತೆಗೆಯಿರಿ ಎಂದು ಡೈರೆಕ್ಟರು ತಿಂಗಳುಗಟ್ಟಲೆ ಬೆನ್ನುಬಿದ್ದಿದ್ದರು. ಸಾಹೇಬರು ಯೂನಿಯನ್ನಿನ ಹೆದರಿಕೆ ತೋರಿಸಿ ಹೇಗೋ ತಳ್ಳಿಕೊಂಡು ಬಂದಿದ್ದರು.

ಒಂದು ಮಧ್ಯಾಹ್ನ ಲೇತ್ ಮಶೀನಿನ ಹಳೆಯ ಕೆಲಸಗಾರನೊಬ್ಬ ಬಂದು ಕೂತ. ಬೀದರಿನವನು, ಮೆತ್ತನೆಯ ಮನುಷ್ಯ. ಅವನ ವಿಭಾಗವನ್ನೇ ಮುಚ್ಚುವವರಿದ್ದರು. ಮಗ ಐಟಿಐ ಮುಗಿಸಿ ಮನೆಯಲ್ಲಿ ಕೂತಿದ್ದ.

"ಸಾಹೇಬ್ರ, ನಾ ನಿವೃತ್ತಿ ಕಾಗದಕ್ಕ ಸಹಿ ಮಾಡಿ ಹ್ವಾದ್ರ ಮಗಗ ಏನೂ ಇಲ್ಲ. ಅದಕ್ಕ ಮೊದಲ ಸತ್ರ ಅವಗ ನೌಕರಿ ಸಿಗತೈತಿ, ಹೌದಲ್ರಿ?"

ರಜೆ ಕೇಳುವ ದನಿಯಲ್ಲಿ ಕೇಳಿದ. ಪಕ್ಕದ ಮೇಜಿನಲ್ಲಿದ್ದ ನಾನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ.

ಸಾಹೇಬರು ಅವನ ಕೈ ಹಿಡಿದುಕೊಂಡು ಸಂಜೆಯವರೆಗೆ ಮಾತಾಡಿದರು. ಹೆಂಡತಿಯನ್ನು ಕರೆಸಿ, ಇವನನ್ನು ಒಬ್ಬನೇ ಬಿಡಬೇಡ ಎಂದು ಹೇಳಿ ಜೊತೆಗೆ ಕಳಿಸಿದರು. ಮರುದಿನ ಡೈರೆಕ್ಟರ ಮುಂದೆ ನಿಂತು, ಅವನೊಬ್ಬನನ್ನಾದರೂ ಉಳಿಸಿ ಎಂದು ಅಂಗಲಾಚಿದರು. ಆಗಲಿಲ್ಲ. ಅವನು ಮತ್ತೆ ಬಂದ. ಮತ್ತೆ ಅದೇ ಪ್ರಶ್ನೆ ಕೇಳಿದ.

ಆ ದಿನವೇ ಸಾಹೇಬರು ಡೈರೆಕ್ಟರ ಕೋಣೆಗೆ ಹೋಗಿ, ಪದ್ಧತಿ ರದ್ದು ಮಾಡಲು ಒಪ್ಪಿ ಬಂದರು. ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಬಳಿ ಸ್ಟೂಲಿನ ಮೇಲೆ ನಿಂತು, ಇಂದಿನಿಂದ ಯಾರು ಸತ್ತರೂ ಮನೆಯವರಿಗೆ ಕೆಲಸವಿಲ್ಲ ಎಂದು ಎಲ್ಲ ಭಾಷೆಗಳಲ್ಲಿ ತಾವೇ ಸಾರಿದರು. ಸಾರುವಾಗ ಬೀದರಿನವನ ಮುಖವನ್ನೇ ನೋಡುತ್ತಿದ್ದರು. ಜನ ಬಿಡುತ್ತಾರೆಯೇ? ಚಪ್ಪಲಿ ಬಿತ್ತು. ಬಡ್ತಿಯ ಆಸೆಗೆ ನಮ್ಮನ್ನು ಮಾರಿಕೊಂಡ ಎಂದರು. ಎಲ್ಲರಿಗಿಂತ ಮುಂದೆ ಬಂದು ಮುಖಕ್ಕೆ ಉಗಿದವನು ಆ ಬೀದರಿನವನೇ.

ಒಳಗೆ ಬಂದು ಸಾಹೇಬರು ಮುಖ ತೊಳೆದುಕೊಂಡರು. ಹೋಗಿ ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎಂದು ಎದ್ದೆ.

"ಬ್ಯಾಡ ತಂಗಿ. ಸಾಯೂದು ಬಿಟ್ಟು ನನ್ನ ಮ್ಯಾಲ ಸಿಟ್ಟು ಮಾಡಾಕತ್ತಾನ. ಮಾಡ್ಲಿ."

ಮಳೆಗಾಲದಲ್ಲಿ ಫೌಂಡ್ರಿಯ ಹುಡುಗನೊಬ್ಬ ಜ್ವರದಿಂದ ತೀರಿಕೊಂಡ. ಅವನ ಹೆಂಡತಿ ಕೂಸನ್ನೆತ್ತಿಕೊಂಡು ಬಂದು ನಮ್ಮ ಬಾಗಿಲಲ್ಲಿ ಕೂತಳು. ಕೊಡಲು ಕೆಲಸ ಇರಲಿಲ್ಲ. ಅವಳು ಎದ್ದು ಹೋದ ಮೇಲೆ, ತಾವು ಮಾಡಿದ್ದು ಸರಿಯೋ ತಪ್ಪೋ ಹೇಳು ಎಂದು ಸಾಹೇಬರು ನನ್ನನ್ನು ಕೇಳಿದರು. ನಾನು ಆ ಹುಡುಗನ ಫೈಲು ಕಟ್ಟಿಟ್ಟೆ. ಇವತ್ತಿಗೂ ನನ್ನನ್ನು ನಾನೇ ಅದನ್ನು ಕೇಳಿಕೊಳ್ಳುತ್ತೇನೆ.

ಬಡ್ತಿಯೂ ಬರಲಿಲ್ಲ, ಸುಡುಗಾಡೂ ಬರಲಿಲ್ಲ. ಕಳಿಸಬೇಕಾದವರನ್ನೆಲ್ಲ ಕಳಿಸಿ ಮುಗಿದ ಮೇಲೆ ಕಂಪನಿ ಅವರನ್ನೂ ಕಳಿಸಿತು. ಎಷ್ಟೋ ವರ್ಷಗಳ ಮೇಲೆ ಸಾಹೇಬರು ಬೇಗಂಪೇಟೆಯ ಬಾಡಿಗೆ ಮನೆಯಲ್ಲಿ ತೀರಿಕೊಂಡಾಗ ಕಾರ್ಖಾನೆಯ ಪೈಕಿ ಹೋದವಳು ನಾನೊಬ್ಬಳೇ.

ಅದಾದ ಕೆಲವು ದಿನಕ್ಕೆ ಉಪ್ಪಲ್ ಬಸ್ ನಿಲ್ದಾಣದಲ್ಲಿ ಬೀದರಿನವನು ಸಿಕ್ಕ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಮೊಮ್ಮಗಳ ಕೈ. ಮಗ ಆಟೋ ಓಡಿಸುತ್ತಾನಂತೆ. ಸಾಹೇಬರು ಹೋದ ಸುದ್ದಿ ಹೇಳಿದೆ.

"ಹ್ವಾದನ? ನನ್ನ ಮಗನ ಅನ್ನ ಕಸಗೊಂಡ ಮನಿಷ್ಯಾ ಅವ" ಎಂದು ಶುರುಮಾಡಿದ.

ಮೊಮ್ಮಗಳು ಬಸ್ಸು ಬಂತೆಂದು ಕೈ ಜಗ್ಗುತ್ತಿದ್ದಳು. ಅವನು ಬೈಯುತ್ತಲೇ ಇದ್ದ. ನಾನು ಪೂರ್ತಿ ಕೇಳಿಸಿಕೊಳ್ಳುತ್ತ, ಬದುಕಿದ್ದ ಆ ಮನುಷ್ಯನನ್ನು ಕಣ್ತುಂಬ ನೋಡುತ್ತ ನಿಂತೆ.