ಅಕ್ಕನ ಕೈಗುಣ

ನಮ್ಮ ಸಾದಲಿಯ ಕಡೆ ರೇಷ್ಮೆಹುಳ ಕೆಟ್ಟರೆ ಯಾರೂ ಸೊಪ್ಪನ್ನು ಬೈಯುತ್ತಿರಲಿಲ್ಲ, ಸೆಕೆಯನ್ನೂ ಬೈಯುತ್ತಿರಲಿಲ್ಲ. ಸಾಕಿದವರ ಕೈಯನ್ನು ಬೈಯುತ್ತಿದ್ದರು. ಬೆಳೆ ಚೆನ್ನಾಗಿ ಬಂದರೂ ಅಷ್ಟೇ, ಅದು ಕೈಗುಣ. ಮೊಟ್ಟೆಯೊಡೆದು ಬಂದ ಎಳೆಹುಳಕ್ಕೆ ಮೊದಲ ಸೊಪ್ಪು ಹಾಕಲು ಒಳ್ಳೆಯ ಕೈ ಬೇಕು ಎಂದು ಊರೆಲ್ಲ ನಂಬಿತ್ತು. ಆ ಕೈ ನನ್ನ ಅಕ್ಕನದು.

ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮದುವೆಮನೆಯಲ್ಲಿ ಅವಳು ಎದುರಾದರೆ ಮುಖ ತಿರುಗಿಸುತ್ತಿದ್ದ ಹೆಂಗಸರೇ ಹುಳ ಹೊರಬಂದ ದಿನ, "ಒಂದ್ ಹಿಡಿ ಸೊಪ್ಪು ಹಾಕಿ ಹೋಗು ಬಾಮ್ಮ" ಎಂದು ನಮ್ಮ ಬಾಗಿಲಿಗೆ ಬರುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅಕ್ಕ ಸೆರಗು ಸರಿಮಾಡಿಕೊಂಡು ನಗುನಗುತ್ತಾ ಹೊರಡುತ್ತಿದ್ದಳು. ಅಣ್ಣನ ಮನೆಯಲ್ಲಿ ಅವಳಿಗೊಂದು ಕೋಣೆ, ಹೊತ್ತಿಗೆ ಮುದ್ದೆ, ಮಾತಿನಲ್ಲಿ ಒಂದಿಷ್ಟು ಮರ್ಯಾದೆ ಸಿಗುತ್ತಿದ್ದುದು ಆ ಕೈಯಿಂದ. ಅದು ಹೋದರೆ ಅವಳು ಬಿಟ್ಟಿ ಕೂಳಿನವಳು. ಇದು ಅವಳಿಗೂ ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನಾನಾಗ ಚಿಂತಾಮಣಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಮ್ಮ. ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯವೂ ನಮ್ಮ ಕಡೆಯ ಒಂದು ಕಾಲೇಜೂ ಕೈಜೋಡಿಸಿ ಒಂದು ಯೋಜನೆ ತಂದವು. ಬೇರೆ ದೇಶದ ಹೊಸ ತಳಿಯ ಹುಳವನ್ನು ಹೊಸ ಪದ್ಧತಿಯಲ್ಲಿ ಸಾಕಿ ನೋಡುವುದು ಅದರ ಅರ್ಧ. ಹೊಸ ತಂತ್ರಜ್ಞಾನ ಹಳ್ಳಿಗೆ ಹೇಗೆ ಮುಟ್ಟುತ್ತದೆ, ಅದಕ್ಕೆ ಸರ್ಕಾರಗಳು ಯಾವ ನೀತಿ ಮಾಡಬೇಕು ಎಂದು ನಾಲ್ಕಾರು ದೇಶಗಳ ಎಳೆಯ ಅಧಿಕಾರಿಗಳಿಗೆ ಕಲಿಸುವುದು ಇನ್ನರ್ಧ. ಮೊದಲ ಪ್ರಯೋಗಕ್ಕೆ ಯಾರ ಮನೆ ಎಂದು ಕೇಳಿದಾಗ ಪಟೇಲರು ಬೆರಳು ತೋರಿಸಿದ್ದು ನಮ್ಮ ಮನೆಯ ಕಡೆಗೆ.

ಅಕ್ಕ ಅವರು ಹೇಳಿದ್ದನ್ನೆಲ್ಲ ಮಾಡಿದಳು. ಗೋಡೆ ಒಡೆಸಿ ಕಿಟಕಿ ಇಡಿಸಿದಳು, ಔಷಧಿ ನೀರಿನಲ್ಲಿ ಬಿದಿರು ತಟ್ಟೆಗಳನ್ನು ತೊಳೆದಳು. ಅವರು ಕೊಟ್ಟ ಥರ್ಮಾಮೀಟರನ್ನು ದೇವರ ಪಟದ ಪಕ್ಕದಲ್ಲೇ ತೂಗುಹಾಕಿದಳು. ಆ ಹುಳಕ್ಕೆ ತಂಪು ಬೇಕು ಎಂದಿದ್ದರು. ನಮ್ಮ ಬೇಸಿಗೆಯಲ್ಲಿ ತಂಪನ್ನು ಎಲ್ಲಿಂದ ತರಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ಅಕ್ಕ ಒದ್ದೆ ಗೋಣಿ ಕಟ್ಟಿ ಕಟ್ಟಿ ಸುಸ್ತಾದಳು.

ಹುಳ ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ಅಲುಗದೆ ಮಲಗುತ್ತದಲ್ಲ, ಅದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅಕ್ಕನ ಹುಳ ನಾಲ್ಕನೇ ಜ್ವರಕ್ಕೆ ಮಲಗಿದವು ಏಳಲಿಲ್ಲ. ಮೆತ್ತಗಾದವು, ಕಪ್ಪಾದವು, ಕೋಣೆಯೆಲ್ಲ ನಾರತೊಡಗಿತು. ವಿದೇಶದ ಪ್ರೊಫೆಸರು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುವುದು ಮಾರನೆಯ ದಿನ. ಅವರನ್ನು ನೋಡಲೆಂದೇ ನಾನೂ ರಜೆ ಹಾಕಿ ಊರಿಗೆ ಬಂದಿದ್ದೆ.

ಪಟೇಲರು ಬಂದು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. "ಅಷ್ಟು ದೂರದಿಂದ ಬರೋರಿಗೆ ಸತ್ತ ಹುಳ ತೋರ್ಸೋದೇನಮ್ಮ? ಅವ್ರು ಉಂಡು ಕೈ ತೊಳ್ಕೊಳ್ಳಿ, ಆಮೇಲೆ ಹೇಳಣ" ಎಂದರು. ಇದು ನಮ್ಮಲ್ಲಿ ಹಳೆಯ ಪದ್ಧತಿ. ಮನೆಗೆ ಬಂದವರ ಊಟ ಮುಗಿಯುವ ತನಕ ಯಾವ ಕೆಟ್ಟ ಸುದ್ದಿಯನ್ನೂ ಬಾಯಿ ಬಿಡುವುದಿಲ್ಲ, ಹತ್ತಿರದವರು ಸತ್ತಿದ್ದರೂ ಸರಿ. ಕೆಟ್ಟ ಹುಳವನ್ನು ತಿಪ್ಪೆಗೆ ಹಾಕಿಸಿದರು. ನೆರೆಮನೆಗಳಿಂದ ನಮ್ಮ ನಾಡತಳಿಯ ಹುಳವನ್ನು ತಟ್ಟೆ ಸಮೇತ ತಂದು ಅಕ್ಕನ ಕೋಣೆಯಲ್ಲಿ ಜೋಡಿಸಿದರು.

"ಅಕ್ಕ, ನಿಜ ಹೇಳ್ಬಿಡಣ. ಅವ್ರು ಕಲಿಯೋಕೆ ತಾನೇ ಬರ್ತಿರೋದು?" ಎಂದೆ.

"ಅವ್ರು ಕಲ್ತು ಹೋಗ್ತಾರೆ ಕಣೇ. ನಾನು ಇಲ್ಲೇ ಇರ್ಬೇಕು" ಎಂದಳು ಅಕ್ಕ.

ಬಂದವರು ಒಳ್ಳೆಯ ಜನ. ಚಪ್ಪಲಿ ಹೊರಗೆ ಬಿಟ್ಟರು, ಕೈಮುಗಿದರು. ಆದರೆ ಅವರು ನೀತಿ ಕಲಿಯುವವರು, ಹುಳ ಬಲ್ಲವರಲ್ಲ. ಬಲ್ಲವರೊಬ್ಬರಿದ್ದರು, ನಮ್ಮ ಕಾಲೇಜಿನ ಅಧಿಕಾರಿ. ತಟ್ಟೆಯ ಮೇಲೆ ಬಗ್ಗಿದರು, ಇದು ಯಾವ ತಳಿ ಎಂದು ಅವರಿಗೆ ತಿಳಿಯಿತು, ಕನ್ನಡಕ ತೆಗೆದು ಒರೆಸಿಕೊಂಡರು. ಒಬ್ಬ ವಿದ್ಯಾರ್ಥಿ, ಎಷ್ಟು ಹುಳ ಸತ್ತವು ಎಂದು ಕೇಳಿದ. ಅಧಿಕಾರಿ ಅದನ್ನು ಕನ್ನಡದಲ್ಲಿ ಹೇಳಿದರು.

"ಈಯಮ್ಮನ ಕೈಯಾಗೆ ಹುಳ ಸಾಯಲ್ಲ ಸ್ವಾಮಿ" ಎಂದರು ಪಟೇಲರು. ಅದನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ತಟ್ಟೆಯನ್ನು ಬೆಳಕಿಗೆಂದು ಜಗಲಿಗೆ ತಂದು ಅಕ್ಕನನ್ನು ನಿಲ್ಲಿಸಿ ಫೋಟೊ ತೆಗೆದರು. ಹುಳದ ಮೇಲೆ ಕೈಯಿಡಲು ಹೇಳಿದಾಗ ಅವಳು ಹಿಂಜರಿದಳು. ನಾಚಿಕೆಯಿರಬೇಕು ಎಂದುಕೊಂಡೆ. ಊಟವಾಯಿತು, ಕೈ ತೊಳೆದರು, ಜೀಪು ಹತ್ತಿದರು. ಹೇಳಬೇಕಾದ ಮಾತನ್ನು ಯಾರೂ ಹೇಳಲಿಲ್ಲ.

ಸ್ವಲ್ಪ ದಿನಕ್ಕೆ, ಪ್ರಯೋಗ ಗೆದ್ದಿತು, ಮುಂದಿನ ಬೆಳೆಗೆ ಮನೆಮನೆಗೂ ಹೊಸ ಮೊಟ್ಟೆ ಎಂದು ಆದೇಶ ಬಂತು. ಊರು ಬೇಡವೆನ್ನುತ್ತದೆ ಎಂದು ನಾನು ಕಾದೆ. ಹುಳ ಸತ್ತದ್ದನ್ನು ಕಣ್ಣಾರೆ ಕಂಡವರಲ್ಲವೇ? ಬಾವಿಕಟ್ಟೆಯಲ್ಲಿ ಒಬ್ಬ ಮುದುಕಿ ತೆಲುಗಿನಲ್ಲಿ, "ಆಮೆ ಚೆಯ್ಯಿ ಪೋಯಿಂದಿ" ಎಂದಳು. ಅವಳ ಕೈ ಹೋಯಿತು ಎಂದು. ಅಷ್ಟೇ, ಊರಿಗೆ ಎಲ್ಲ ಅರ್ಥವಾಗಿಬಿಟ್ಟಿತು. ಹುಳ ಒಳ್ಳೆಯದೇ, ಇಲ್ಲದಿದ್ದರೆ ಅಂಥವರು ಅಷ್ಟು ದೂರದಿಂದ ಬರುತ್ತಿದ್ದರೇ? ಕೆಟ್ಟದ್ದು ಇವಳ ಕೈ. ಎಲ್ಲರೂ ಪೈಪೋಟಿಯಲ್ಲಿ ಮೊಟ್ಟೆ ತಂದರು. ಮೊದಲ ಸೊಪ್ಪಿಗೆ ಅಕ್ಕನನ್ನು ಒಬ್ಬರೂ ಕರೆಯಲಿಲ್ಲ. ಬೆಳಗ್ಗೆಯೇ ಮಿಂದು ಜಗಲಿಯಲ್ಲಿ ಕೂತಿದ್ದಳು, ಮಧ್ಯಾಹ್ನ ಎದ್ದು ಒಳಗೆ ಹೋದಳು.

ಆ ಬೆಳೆ ಊರಿಗೆ ಊರೇ ಹಾಳಾಯಿತು. ಗುಂಡಿ ತೋಡಿ ಸುಣ್ಣ ಚೆಲ್ಲಿ ಹುಳ ಮುಚ್ಚಿದರು. ಇನ್ನಾದರೂ ಅಕ್ಕನ ಹೆಸರು ತೊಳೆದುಹೋಗುತ್ತದೆ ಎಂದುಕೊಂಡ ನಾನು ಎಂಥ ದಡ್ಡಿ! "ನಮ್ ತಟ್ಟೆ ಅವಳ ಮನೇಗೆ ಹೋಗಿ ಬಂದ್ವಲ್ಲ, ಕೈ ಇಟ್ಟವಳೆ" ಎಂದರು. ತಟ್ಟೆಗೆ ಅಂಟಿಕೊಂಡು ರೋಗ ಹೋಗಿರಲೂಬಹುದು. ಸೆಕೆ ತಡೆಯದೆ ಸತ್ತಿರಲೂಬಹುದು. ಯಾವುದೆಂದು ಹೇಳಬೇಕಾದವರು ಮತ್ತೆ ಊರ ಕಡೆ ತಲೆ ಹಾಕಲಿಲ್ಲ.

ಅತ್ತಿಗೆ ಮುದ್ದೆ ಬಡಿಸುವಾಗ ಪಾತ್ರೆ ಕುಕ್ಕತೊಡಗಿದಳು. ನನ್ನ ಜೊತೆ ಬಂದಿರು ಎಂದರೆ ಅಕ್ಕ ಒಪ್ಪಲಿಲ್ಲ. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಮನೆಯೊಂದಕ್ಕೆ ಕೂಲಿಗೆ ಹೋದಳು. ದಿನವಿಡೀ ಕುದಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕುವ ಕೆಲಸ. ಅವಳ ಬೆರಳುಗಳ ಚರ್ಮ ಬೆಂದು ಬೆಳ್ಳಗೆ ಸುಲಿಯುತ್ತಿತ್ತು.

ಕೆಲವು ವರ್ಷಗಳ ಮೇಲೆ, ನಮ್ಮ ಶಾಲೆಗೆ ಬಂದ ಆ ಯೋಜನೆಯವನೊಬ್ಬ ತಮ್ಮ ಪಾಠದ ಪುಸ್ತಕ ಕೊಟ್ಟುಹೋದ. ಅದರಲ್ಲಿ ಅಕ್ಕನ ಫೋಟೊ ಇತ್ತು, ಗೆದ್ದ ಪ್ರಯೋಗದ ಉದಾಹರಣೆಯಾಗಿ. ಅದನ್ನು ಹಿಡಿದುಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಅಕ್ಕ ಕೈ ಒದ್ದೆಯೆಂದು ಪುಸ್ತಕ ಮುಟ್ಟದೆ ಬಗ್ಗಿ ನೋಡಿದಳು.

"ನಾನು ಮುಟ್ಟಿಲ್ಲ ನೋಡೇ" ಎಂದಳು. ನಿಜ, ಫೋಟೊದಲ್ಲಿ ಅವಳ ಕೈ ಹುಳಕ್ಕಿಂತ ಗೇಣು ಮೇಲಿತ್ತು. "ಇನ್ನೊಬ್ರ ಹುಳ ಅಲ್ವಾ, ನನ್ನ ಕೈ ಕೆಟ್ಟೈತೇನೋ ಅಂತ ಎತ್ತಿ ಹಿಡ್ದಿದ್ದೆ. ಊರಲ್ಲಿ ತೋರ್ಸೇ ಇದನ್ನ."

ಅವಳೂ ನಂಬಿದ್ದಳು. ಆ ದಿನವೇ ನಂಬಿದ್ದಳು.

ಸಾದಲಿಗೆ ಹೋಗಿ ಅತ್ತಿಗೆಯ ಮುಂದೆ, ಬಂದ ನಾಲ್ಕು ಹೆಂಗಸರ ಮುಂದೆ ಪುಟ ಬಿಚ್ಚಿಟ್ಟೆ. ಅತ್ತಿಗೆ ಅದನ್ನು ಬೆಳಕಿಗೆ ಹಿಡಿದಳು.

"ಕೈ ಮುಟ್ಟಿಲ್ಲ, ಸರಿ. ನೆರಳು ಬಿದ್ದೈತಲ್ಲ" ಎಂದಳು.

ಮುಂದಿನ ಸಲ ಹೋದಾಗ ಅಕ್ಕ ಕುದಿನೀರಿನಿಂದ ಕೈ ತೆಗೆಯದೆಯೇ ಕೇಳಿದಳು, "ತೋರಿಸ್ದೇನೇ?"

"ತೋರಿಸ್ದೆ ಕಣಕ್ಕ" ಎಂದೆ. ಏನಂದರು ಎಂದು ಅವಳು ಕೇಳಲಿಲ್ಲ.