ಖಾಲಿ ಪ್ಲಾಟಿಗೆ ನಾನು ಹಾಕಿಸಿದ ಮುಳ್ಳು

ಈಗಿನ ಮಕ್ಕಳು ಹೊರಗೆ ಆಡುವುದೇ ಇಲ್ಲ, ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ ಎಂದು ಮಸ್ಕಿಯ ನಮ್ಮ ಶಾಲೆಯ ಪಾಲಕರ ಸಭೆಯಲ್ಲಿ ನಾನು ಪ್ರತಿ ವರ್ಷ ಭಾಷಣ ಬಿಗಿಯುತ್ತಿದ್ದೆ. ನಾನು ಗುರುಗುಂಟಾದಲ್ಲಿ ಹುಡುಗಿಯಾಗಿದ್ದಾಗ ಹೊತ್ತು ಮುಳುಗಿದರೂ ಮನೆಗೆ ಬರುತ್ತಿರಲಿಲ್ಲ, ಅವ್ವ ಕಸಬರಿಗೆ ಹಿಡಿದು ಓಣಿಯೆಲ್ಲ ಹುಡುಕಬೇಕಾಗುತ್ತಿತ್ತು ಎಂದರೆ ಪಾಲಕರು ನಕ್ಕು ಚಪ್ಪಾಳೆ ಹೊಡೆಯುತ್ತಿದ್ದರು. ಈ ಸಲ ಆ ಭಾಷಣ ನನ್ನಿಂದ ಆಗಲಿಲ್ಲ. ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿ ಕುಳಿತುಬಿಟ್ಟೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂತಾರಲ್ಲ, ಆ ಬದನೆಕಾಯಿ ತಿಂದವಳು ನಾನೇ.

ನಮ್ಮ ಮನೆ ಸಿಂಧನೂರಿನ ಅಂಚಿಗೆ, ಮೊನ್ನೆಮೊನ್ನೆವರೆಗೆ ಭತ್ತದ ಗದ್ದೆಯಾಗಿದ್ದ ಒಂದು ಲೇಔಟಿನಲ್ಲಿದೆ. ಎದುರಿಗೆ ಎರಡು ಪ್ಲಾಟು ಕೂಡಿದ ಖಾಲಿ ಜಾಗ. ಅದು ವಳಕಮದಿನ್ನಿಯ ಒಬ್ಬ ಹಿರಿಯ ರೈತರದ್ದು. ಸಂಜೆ ನಾಲ್ಕೂವರೆಯಾದರೆ ಸಾಕು, ಲೇಔಟಿನ ಹತ್ತು ಹನ್ನೆರಡು ಮಕ್ಕಳು ಅಲ್ಲಿ ಹಾಜರು. ಲಗೋರಿ, ಕ್ರಿಕೆಟ್ಟು, ಆಮೇಲೆ ಜಗಳ, ಜಗಳ ಮುಗಿದ ಮೇಲೆ ಮತ್ತೆ ಲಗೋರಿ. ಅವರಿಗೆಲ್ಲ ಮುಂದಾಳು ಎರಡು ಮನೆ ಆಚೆಯ ಹುಡುಗಿ, ಐದನೆಯ ತರಗತಿ. ಅವಳ ತಾಯಿಗೆ ಲಿಂಗಸುಗೂರಿನಲ್ಲಿ ಬ್ಯಾಂಕಿನ ಕೆಲಸ, ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ರಾತ್ರಿ ಏಳಾಗುತ್ತಿತ್ತು. ತಂದೆಯ ನೌಕರಿ ಕಲಬುರಗಿಯಲ್ಲಿ, ಅವರು ಬರುವುದು ವಾರಕ್ಕೊಮ್ಮೆ. ಶಾಲೆ ಬಿಟ್ಟ ಮೇಲೆ ಆ ಹುಡುಗಿಗೆ ಇದ್ದದ್ದು ಆ ಬಯಲು ಒಂದೇ.

ನಾನು ಮಸ್ಕಿಯಿಂದ ಬಸ್ಸಿಳಿದು ಮನೆ ಸೇರುವುದು ಐದರ ಸುಮಾರಿಗೆ. ತಲೆ ಸಿಡಿಯುತ್ತಿರುತ್ತಿತ್ತು. ಒಂದು ಗಳಿಗೆ ಅಡ್ಡಾಗೋಣವೆಂದರೆ ಎದುರಿಗೆ ‘ಔಟ್! ಔಟ್!’ ಎಂದು ಒದರಾಟ. ಮೇಲಾಗಿ ನನ್ನ ಮಗ ಎಸ್ಎಸ್ಎಲ್‌ಸಿ. ಹೊರಗೆ ಒಂದು ಕೂಗು ಕೇಳಿದರೆ ಪುಸ್ತಕ ಬಿಟ್ಟು ಕಿಟಕಿಗೆ ಹೋಗಿ ನಿಲ್ಲುತ್ತಿದ್ದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ದಿನ ಚೆಂಡು ನಮ್ಮ ಕುಂಕುಮದ ಬಣ್ಣದ ದಾಸವಾಳದ ಟೊಂಗೆ ಮುರಿಯಿತು. ಅಷ್ಟೇ ಸಾಕಾಯಿತು. ಪ್ಲಾಟಿನ ಕಲ್ಲಿನ ಮೇಲೆ ಬರೆದಿದ್ದ ನಂಬರಿಗೆ ಫೋನು ಹಚ್ಚಿದೆ.

ಮಕ್ಕಳು ಆಡುತ್ತಾರೆ ಎಂದು ದೂರಲು ನಾಚಿಕೆಯಾಯಿತು, ಟೀಚರಲ್ಲವೇ. ಹಾಗಾಗಿ ಸುಳ್ಳು ಹೇಳಿದೆ. "ನಿಮ್ಮ ಪ್ಲಾಟಿನ್ಯಾಗ ಮಂದಿ ಕಸ ಚೆಲ್ಲಾಕತ್ತಾರ್ರೀ. ಹಾವು, ಚೇಳು ಸೇರ್ತಾವ. ನಾಳೆ ಯಾರರ ಒಂದು ಶೆಡ್ ಹಾಕಿದ್ರ ಬಿಡಿಸೋದು ತ್ರಾಸ ಆಗ್ತೈತಿ ನೋಡ್ರಿ."

"ಅಕ್ಕೋರ, ನೀವು ಎದುರಿಗೆ ಅದೀರಿ ಅಂತ ನನಗ ಧೈರ್ಯ ಐತ್ರಿ," ಎಂದರು ಆ ಹಿರಿಯರು. "ನಾಳಿಗೇ ಬಂದೋಬಸ್ತ್ ಮಾಡ್ತೀನಿ, ನೀವು ಚಿಂತಿ ಬಿಡ್ರಿ."

ನಾನು ತಂತಿ ಬೇಲಿ ಎಂದುಕೊಂಡಿದ್ದೆ. ಅವರು ಹೊಲದ ಮನುಷ್ಯ, ಪ್ಲಾಟನ್ನೂ ಹೊಲದಂತೆಯೇ ಕಂಡರು. ಕಾಲುವೆ ದಂಡೆಯಿಂದ ಬಳ್ಳಾರಿ ಜಾಲಿಯ ಮುಳ್ಳುಕಂಟಿ ಕಡಿಸಿ, ಟ್ರ್ಯಾಕ್ಟರ್ ತುಂಬ ತಂದು, ನಾಲ್ಕೂ ಬದಿಗೆ ಸೊಂಟದೆತ್ತರ ಒಟ್ಟಿಸಿದರು. "ದನ ನುಗ್ಗದಂಗ ಹಾಕೀನ್ರಿ. ಇನ್ನ ಒಂದು ನಾಯಿ ಸೈತ ಒಳಗ ಬರಂಗಿಲ್ಲ," ಎಂದು ಕೈ ಕೊಡವಿದರು. ನಾನು ಒಳಗೆ ಕರೆದು ಚಹಾ ಕೊಟ್ಟೆ.

ಸಂಜೆ ಮಕ್ಕಳು ಚೆಂಡು ಹಿಡಿದು ಮುಳ್ಳಿನ ಮುಂದೆ ಸಾಲಾಗಿ ನಿಂತರು. ಆ ಹುಡುಗಿ ನಮ್ಮ ಗೇಟಿಗೆ ಬಂದು, "ಟೀಚರ್, ಮುಳ್ಳು ಯಾಕ ಹಾಕ್ಯಾರ್ರೀ?" ಎಂದು ಕೇಳಿದಳು.

"ಅವ್ರ ಪ್ಲಾಟು, ಅವ್ರ ಇಷ್ಟ. ಹೋಗ್ರಿ, ಒಳಗ ಕುಂತು ಓದ್ಕೋರಿ," ಎಂದು ಬಾಗಿಲು ಹಾಕಿಕೊಂಡೆ.

ಒಂದು ವಾರ ಸಂಜೆ ಸುಖವಾಗಿ ನಿದ್ದೆ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಮಗ ಕಿಟಕಿ ಬಿಟ್ಟ, ನಿಜ. ಬಿಟ್ಟು ಮೊಬೈಲ್ ಹಿಡಿದ. ಅದು ನನಗೆ ಗೊತ್ತಾದದ್ದು ತಡವಾಗಿ.

ಮಕ್ಕಳು ಆಟವನ್ನು ರಸ್ತೆಗೆ ತಂದರು. ಒಂದು ಸಂಜೆ ಚೆಂಡು ಮುಳ್ಳಿನೊಳಗೆ ಬಿತ್ತು. ತೆಗೆಯಲು ಹೋದ ಆ ಹುಡುಗಿಯ ಚಪ್ಪಲಿ ತೂರಿ ಮುಳ್ಳು ಅಂಗಾಲಿಗೆ ಇಳಿಯಿತು. ಉಳಿದವರು ಅವಳನ್ನು ಕುಂಟಿಸಿಕೊಂಡು ಸೀದಾ ನಮ್ಮ ಕಟ್ಟೆಗೆ ತಂದು ಕೂರಿಸಿದರು. ತಾಯಿ ಮನೆಯಲ್ಲಿಲ್ಲ, ಟೀಚರ್ ಮನೆ ಇದೆ, ಮತ್ತೆಲ್ಲಿಗೆ ಹೋಗಬೇಕು?

ಪಿನ್ನು ಕಾಯಿಸಿ ನಾನೇ ತೆಗೆದೆ. ಹುಡುಗಿ ಹಲ್ಲು ಕಚ್ಚಿ ಕುಳಿತಿದ್ದಳು, ಅಳಲಿಲ್ಲ. ಹೊರಬಂದ ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿದೆ. ತುದಿ ಇರಲಿಲ್ಲ. ಮುರಿದು ಒಳಗೇ ಉಳಿದಿತ್ತು. ತುದಿ ಇಲ್ಲವೆಂದು ನನಗೆ ಆಗಲೇ ಗೊತ್ತಿತ್ತು.

ದವಾಖಾನೆ ಸ್ಕೂಟಿಯಲ್ಲಿ ಐದು ನಿಮಿಷದ ಹಾದಿ. ಆದರೆ ಕರೆದುಕೊಂಡು ಹೋದರೆ ಮುಳ್ಳು ಎಲ್ಲಿಯದೆಂದು ಡಾಕ್ಟರು ಕೇಳುತ್ತಾರೆ. ಯಾರು ಹಾಕಿದ್ದೆಂದು ತಾಯಿ ಕೇಳುತ್ತಾಳೆ. ವಳಕಮದಿನ್ನಿಗೆ ಫೋನು ಹೋದರೆ, ‘ಅಕ್ಕೋರೇ ಹೇಳಿದ್ರಲ್ಲ’ ಎಂಬ ಮಾತು ಬರುತ್ತದೆ. ಇಷ್ಟೆಲ್ಲ ಒಂದೇ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಹಾದುಹೋಯಿತು. ರಸ್ತೆ ಬದಿಯ ಎಕ್ಕೆಗಿಡದ ಎಲೆ ಮುರಿದು, ಹಾಲು ಹಚ್ಚಿ, "ಏನೂ ಆಗಿಲ್ಲವ್ವ, ಸಣ್ಣ ಮುಳ್ಳು. ಅವ್ವಗ ಹೇಳಿ ಯಾಕ ಅಂಜಸ್ತಿ? ಪಾಪ, ದಣಿದು ಬಂದಿರ್ತಾಳ," ಎಂದೆ. ಆ ಹುಡುಗಿ ತಲೆ ಆಡಿಸಿದಳು. ಟೀಚರ್ ಹೇಳಿದ್ದು ಎಂದು ನಿಜಕ್ಕೂ ತಾಯಿಗೆ ಹೇಳಲಿಲ್ಲ.

ಐದನೆಯ ದಿನ ಜ್ವರ ಬಂತು. ಕಾಲು ಕುಂಬಳಕಾಯಿಯಂತೆ ಬಾತಿತ್ತು. ದವಾಖಾನೆಯಲ್ಲಿ ಅಂಗಾಲು ಕೊಯ್ದು ಕೀವು ತೆಗೆದರು, ತುದಿಯನ್ನೂ ತೆಗೆದರು. ಎರಡು ತಿಂಗಳು ಕಾಲು ಊರುವಂತಿಲ್ಲ ಎಂದರು. ತಾಯಿ ರಜೆ ಹಾಕಿ ಮನೆಯಲ್ಲೇ ಕುಳಿತಳು. ನೋಡಲು ಹೋದ ನನಗೆ, "ಅವತ್ತ ನೀವ ಮುಳ್ಳು ತೆಗೆದ್ರಂತ. ಭಾಳ ಉಪಕಾರ ಆತ್ರೀ ಟೀಚರ್," ಎಂದಳು. ಯಾರೋ ಪುಣ್ಯಾತ್ಮರು ಆ ಮುಳ್ಳು ತಂದು ಹಾಕ್ಯಾರಲ್ಲ ಎಂದು ಬೈದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಸೆರಗು ಸರಿಮಾಡಿಕೊಂಡೆ.

ಅಂದಿನಿಂದ ಲೇಔಟಿನ ಗೇಟುಗಳೆಲ್ಲ ಮುಚ್ಚಿದವು. ತಾಯಂದಿರು ಮಕ್ಕಳನ್ನು ರಸ್ತೆಗೂ ಬಿಡಲಿಲ್ಲ. ಸಂಜೆ ಐದಕ್ಕೆ ನಮ್ಮ ರಸ್ತೆಯಲ್ಲಿ ಅಕ್ಕಿ ಮಿಲ್ಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಬಯಸಿದ್ದ ನಿಶ್ಶಬ್ದ ಅದೇ, ಆದರೆ ನಿದ್ದೆ ಬರಲಿಲ್ಲ.

ಕೊನೆಗೆ ಮತ್ತೆ ವಳಕಮದಿನ್ನಿಗೆ ಫೋನು ಮಾಡಿದೆ. ಮುಳ್ಳು ತೆಗೆಸ್ರಿ ಎಂದೆ.

"ಮತ್ತ ಕಸ ಚೆಲ್ಲಿದ್ರ ಅಕ್ಕೋರ?"

"ಕಸ ಯಾರೂ ಚೆಲ್ಲಿರಲಿಲ್ರೀ. ನಾ ಸುಳ್ಳು ಹೇಳಿದ್ದೆ. ಹುಡುಗ್ರು ಆಡ್ತಿದ್ರು, ನನಗ ಗದ್ದಲ ಆಗ್ತಿತ್ತು."

"ಅಲ್ರೀ ಅಕ್ಕೋರ, ಹುಡುಗ್ರು ಆಡಿದ್ರ ನೆಲ ಏನ್ ಸವದು ಹೋಗ್ತಿತ್ರಿ?" ಎಂದರು. ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿಯದೆ ಕೇಳಿದರು. ಎರಡು ದಿನದಲ್ಲಿ ಬಂದು ಎಲ್ಲ ಎಳೆಸಿ ಸುಟ್ಟರು. ಈ ಸಲ ಚಹಾಕ್ಕೆ ಕರೆದರೆ, ಹೊತ್ತಾತ್ರಿ ಎಂದು ಹೊರಟೇಬಿಟ್ಟರು.

ನಾನು, ನನ್ನ ಮಗ ಎರಡು ಭಾನುವಾರ ಆ ಪ್ಲಾಟನ್ನು ಅಂಗಳ ಗುಡಿಸಿದ ಹಾಗೆ ಗುಡಿಸಿ, ಉದುರಿದ ಮುಳ್ಳನ್ನೆಲ್ಲ ಆರಿಸಿದೆವು. ನೆಲ ಸ್ವಚ್ಛವಾಯಿತು. ಮಕ್ಕಳು ಬರಲಿಲ್ಲ. ಒಂದು ತಿಂಗಳು ಕಟ್ಟೆಯ ಮೇಲೆ ಕುಳಿತು ಕಾದೆ. ಹುಡುಗಿಯ ಕಾಲು ವಾಸಿಯಾಯಿತು, ತಾಯಿ ಮತ್ತೆ ಕೆಲಸಕ್ಕೆ ಹೋಗತೊಡಗಿದಳು, ಆದರೂ ಒಂದು ಮಗುವೂ ಹೊರಗೆ ಕಾಲಿಡಲಿಲ್ಲ.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ತಾಯಿ ನೆಲದ ಮೇಲೆ ಪೇಪರ್ ಹಾಸಿ ಮೆಂತೆಸೊಪ್ಪು ಬಿಡಿಸುತ್ತಿದ್ದಳು. ಹುಡುಗಿ ಒಳಗಿನ ಕೋಣೆಯಲ್ಲಿ ಮೊಬೈಲ್ ನೋಡುತ್ತಿದ್ದಳು, ಅದರ ಸದ್ದು ಕೇಳುತ್ತಿತ್ತು. ನಾನು ಕುಳಿತು ಎಲ್ಲ ಹೇಳಿದೆ. ಫೋನು ಮಾಡಿದ್ದು, ಸುಳ್ಳು ಹೇಳಿದ್ದು, ತುದಿ ಒಳಗೆ ಉಳಿದದ್ದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡದ್ದು, ಮಗುವಿನ ಬಾಯಿಯನ್ನೂ ಮುಚ್ಚಿಸಿದ್ದು. ಹೇಳುತ್ತ ಹೇಳುತ್ತ ಅಳು ಬಂತು. ಬೈಯಲಿ, ಎದ್ದು ಹೊರಗೆ ಹಾಕಲಿ ಎಂದು ಕಾಯುತ್ತಿದ್ದೆ.

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಈಗ ಆಕಿ ಹೊರಗ ಹೋಗ್ತೀನಂತ ಕೇಳಂಗೇ ಇಲ್ಲ ಟೀಚರ್," ಎಂದಳು. "ಸಾಲಿ ಬಿಟ್ಟು ಬಂದು ಒಳಗಿಂದ ಚಿಲಕ ಹಾಕ್ಕೊಂಡು ಕುಂದ್ರತಾಳ. ಹಂಗ ಮಾಡು ಅಂತ ನಾನ ಕಲಿಸೀನಿ."

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಮೊದಲ ಲಿಂಗಸುಗೂರಿನ್ಯಾಗ ನಾಕೂವರಿ ಹೊಡೀತಂದ್ರ ನನ್ನ ಜೀವ ಇಲ್ಲೇ ಇರ್ತಿತ್ತು," ಎಂದಳು, ನನ್ನ ಮುಖ ನೋಡದೆ. "ಐದ ಆತು ಅಂದ್ರ ಸಮಾಧಾನ. ಈಗ ಟೀಚರ್ ಬಂದಿರ್ತಾರ, ನನ್ನ ಮಗಳು ಅವ್ರ ಮನಿ ಎದುರಿಗೇ ಆಡಾಕತ್ತಿರ್ತಾಳ ಅಂತ ನೆನಸ್ಕೊಂಡು, ಮತ್ತ ಕೆಲಸಕ್ಕ ಕುಂದ್ರತಿದ್ದೆ."